ತಲೆಬುರುಡೆಯ ತಳ ಎಲ್ಲರದ್ದೂ ಒಂದೇ ರೀತಿ ಇರುವುದಿಲ್ಲ: ಸಿಟಿ ಸ್ಕ್ಯಾನ್ ತೋರಿಸುವ ವ್ಯತ್ಯಾಸಗಳು ಮತ್ತು ರೋಗಿಗಳು ತಿಳಿದಿರಬೇಕಾದ ಸಂಗತಿಗಳು

ಕರಾವಳಿಯ ಜಿನಸು ವ್ಯಾಪಾರಿಗಳಿಗೆ ಸಾಂಗ್ಲಿ ಅಂದರೆ ಅರಿಶಿನ ಮತ್ತು ಒಣದ್ರಾಕ್ಷಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಸಾಂಗ್ಲಿ-ಮಿರಜ್ ಅಂದ ಕೂಡಲೇ ನೆನಪಾಗುವುದು ಆಸ್ಪತ್ರೆ. ಮಂಜೇಶ್ವರ, ಕಾಸರಗೋಡಿನವರು ಚಿಕಿತ್ಸೆಗೆ ಗಡಿ ದಾಟಿ ಮಂಗಳೂರಿಗೆ ಬರುವ ಹಾಗೆಯೇ ಅಥಣಿ, ರಾಯಬಾಗ, ಜಮಖಂಡಿಯವರು ಗಡಿ ದಾಟಿ ಮಿರಜ್‌ಗೆ ಹೋಗುತ್ತಾರೆ. ಇಂಥ ಅವಲಂಬನೆ ಎಷ್ಟು ದೊಡ್ಡದು ಅಂತ 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಾಗಿದೆ.

ಸಾಂಗ್ಲಿವಾಡಿ ಇರುವುದು ಕೃಷ್ಣಾ ನದಿಯ ಆಚೆ ದಡದಲ್ಲಿ. ಅಲ್ಲಿಂದ 1929ರ ಐರ್ವಿನ್ ಸೇತುವೆ ದಾಟಿದರೆ ಸಾಂಗ್ಲಿ ಪೇಟೆ, ಪೇಟೆಯಿಂದ ಸುಮಾರು 10 ಕಿಲೋಮೀಟರ್‌ನಲ್ಲಿ ಮಿರಜ್. ಕೆನಡಾದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜ್‌ನಲ್ಲಿ ಮಿಷನ್ ಆಸ್ಪತ್ರೆ ಆರಂಭಿಸಿದರು. ಕಣ್ಣಿನ ಪೊರೆಯ ಆಪರೇಷನ್‌ಗೆ ಅವರ ಹೆಸರು ದೂರ ದೂರಕ್ಕೆ ಹಬ್ಬಿತು. 1928ರಲ್ಲಿ ಬ್ರಿಟಿಷ್ ಸರಕಾರ 'ಸರ್' ಪದವಿ ಕೊಟ್ಟಿತು. ದಾರಿ ಮಧ್ಯದ ವಾನ್ಲೆಸ್‌ವಾಡಿ ಅನ್ನುವ ಹೆಸರೂ ಅವರದ್ದೇ. 1962ರಲ್ಲಿ ಮಿರಜ್‌ಗೆ ಸರಕಾರಿ ವೈದ್ಯಕೀಯ ಕಾಲೇಜು ಬಂತು, 2005ರಲ್ಲಿ ಸಾಂಗ್ಲಿಗೆ ಭಾರತಿ ವಿದ್ಯಾಪೀಠದ ವೈದ್ಯಕೀಯ ಕಾಲೇಜು ಬಂತು. ಸಾಂಗ್ಲಿ ಜಿಲ್ಲೆಯೊಳಗೇ ಜತ್ತ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಹಾಗಾಗಿ ಅಲ್ಲಿನ ಆಸ್ಪತ್ರೆ ವರಾಂಡದಲ್ಲಿ ಕನ್ನಡ ಕೇಳಿಸುವುದು ವಿಶೇಷ ಏನಲ್ಲ.

ಆ ವರಾಂಡದಲ್ಲಿ ಆಗಲಿ, ಮಂಗಳೂರಿನ ಆಸ್ಪತ್ರೆಯಲ್ಲಿ ಆಗಲಿ, ಸೈನಸ್, ಕಿವಿ ಸೋರುವಿಕೆ ಅಥವಾ ತಲೆನೋವಿಗೆ ತೋರಿಸಲು ಬಂದವರ ಕೈಯಲ್ಲಿ ಒಂದು ದೊಡ್ಡ ಲಕೋಟೆ ಇರುತ್ತದೆ. ಒಳಗೆ ಸಿಟಿ ಸ್ಕ್ಯಾನ್ ಫಿಲ್ಮು, ಜತೆಗೆ ಎರಡು ಪುಟದ ರಿಪೋರ್ಟು. ಡಾಕ್ಟರ್ ಬರುವ ಮೊದಲೇ ಮನೆಯ ಹುಡುಗ ಮೊಬೈಲ್ ತೆಗೆದು ರಿಪೋರ್ಟಿನ ಒಂದೊಂದೇ ಪದ ಹುಡುಕತೊಡಗುತ್ತಾನೆ. 'ಒನೊಡಿ ಸೆಲ್', 'ಕೆರೋಸ್ ಟೈಪ್ 3', 'ಹೈ ರೈಡಿಂಗ್ ಜುಗುಲಾರ್ ಬಲ್ಬ್', 'ಡಿಹಿಸೆನ್ಸ್'. ಪದ ದೊಡ್ಡದಾದಷ್ಟೂ ಹೆದರಿಕೆ ದೊಡ್ಡದು. ಆದರೆ ಈ ಪದಗಳಲ್ಲಿ ಹೆಚ್ಚಿನವು ಕಾಯಿಲೆಯ ಹೆಸರೇ ಅಲ್ಲ. ಆ ವ್ಯಕ್ತಿಯ ಎಲುಬು ಹುಟ್ಟಿನಿಂದ ಹೇಗೆ ಬೆಳೆದಿದೆ ಅನ್ನುವುದರ ವಿವರ ಅಷ್ಟೆ. ಹಾಗಂತ ಅವು ರಿಪೋರ್ಟಿನಲ್ಲಿ ಸುಮ್ಮನೆ ಇರುವ ಪದಗಳೂ ಅಲ್ಲ. ರೋಗಿ ಅವುಗಳಿಗೆ ಹೆದರಬೇಕಾಗಿಲ್ಲ, ಆದರೆ ಆಪರೇಷನ್ ಮಾಡುವ ಡಾಕ್ಟರ್ ಅವುಗಳನ್ನು ಓದದೆ ಕತ್ತರಿ ಹಿಡಿಯುವ ಹಾಗಿಲ್ಲ.

ಮೆದುಳಿಗೆ ನೆಲ, ಮೂಗಿಗೆ ಮಾಡು

ತಲೆಬುರುಡೆಯನ್ನು ಒಂದು ಮುಚ್ಚಿದ ಪೆಟ್ಟಿಗೆ ಅಂದುಕೊಂಡರೆ ಅದರ ಅಡಿಯ ಹಲಗೆಯೇ ಬುರುಡೆಯ ತಳ. ಮೇಲೆ ಮೆದುಳು ಕುಳಿತಿದೆ, ಕೆಳಗೆ ಮೂಗು, ಕಣ್ಣಿನ ಗೂಡು, ಕಿವಿ, ಗಂಟಲು ಇವೆ. ಅಂದರೆ ಮೆದುಳಿಗೆ ಯಾವುದು ನೆಲವೋ ಅದೇ ಮೂಗಿಗೆ ಮಾಡು. ಈ ಹಲಗೆ ಸಪಾಟಾಗಿ ಇಲ್ಲ. ಮುಂದಿನಿಂದ ಹಿಂದಕ್ಕೆ ಮೂರು ಮೆಟ್ಟಿಲಿನ ಹಾಗೆ ಇಳಿಯುತ್ತದೆ. ಮುಂದಿನ ಮೆಟ್ಟಿಲಿನಲ್ಲಿ ಮೆದುಳಿನ ಮುಂಭಾಗ, ನಡುವಿನದರಲ್ಲಿ ಪಿಟ್ಯುಟರಿ ಗ್ರಂಥಿ ಮತ್ತು ಮೆದುಳಿನ ಪಕ್ಕದ ಭಾಗ, ಹಿಂದಿನ ತಗ್ಗಿನಲ್ಲಿ ಕಿರುಮೆದುಳು ಮತ್ತು ಮೆದುಳಿನ ಕಾಂಡ. ಫ್ರಂಟಲ್, ಎಥ್ಮಾಯ್ಡ್, ಸ್ಫೀನಾಯ್ಡ್, ಟೆಂಪೊರಲ್, ಆಕ್ಸಿಪಿಟಲ್ ಎಂಬ ಎಲುಬುಗಳು ಸೇರಿ ಈ ನೆಲ ಆಗಿದೆ. ನಟ್ಟನಡುವೆ ಇರುವ ಸ್ಫೀನಾಯ್ಡ್ ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದ್ದು.

ನೆಲದ ತುಂಬ ತೂತುಗಳು. ಮೆದುಳಿನಿಂದ ಹೊರಡುವ 12 ಜೋಡಿ ನರಗಳು ಕಣ್ಣು, ಮುಖ, ನಾಲಗೆ, ಗಂಟಲಿಗೆ ಹೋಗಲು ದಾರಿ ಬೇಕಲ್ಲ. ಮೆದುಳಿಗೆ ರಕ್ತ ತರುವ ಕೆರೋಟಿಡ್ ಅಪಧಮನಿ ಒಳಗೆ ಬರಬೇಕು, ಬಳಸಿದ ರಕ್ತ ಜುಗುಲಾರ್ ಅಭಿಧಮನಿಯಲ್ಲಿ ಹೊರಗೆ ಹೋಗಬೇಕು, ಬೆನ್ನುಹುರಿ ದೊಡ್ಡ ರಂಧ್ರದಿಂದ ಕೆಳಗೆ ಇಳಿಯಬೇಕು. ಈ ಎಲ್ಲ ದಾರಿಗಳು ಇಷ್ಟು ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಇವೆ. ಕೆಲವು ಕಡೆ ಎರಡರ ನಡುವೆ ಇರುವ ಎಲುಬಿನ ದಪ್ಪ ಒಂದು ಹಾಳೆಯಷ್ಟು.

ಪಠ್ಯಪುಸ್ತಕದ ಚಿತ್ರ ನೋಡಿದರೆ ಎಡ-ಬಲ ಎರಡೂ ಕಡೆ ಅಚ್ಚು ಒತ್ತಿದ ಹಾಗೆ ಸಮ ಇರುತ್ತದೆ. ನಿಜವಾದ ತಲೆಯಲ್ಲಿ ಹಾಗಿರುವುದಿಲ್ಲ. ಮಿರಜ್ ಸಿತಾರ್ ಮತ್ತು ತಾನ್‌ಪುರ ತಯಾರಿಗೂ ಹೆಸರಾದ ಊರು, ಅಲ್ಲಿ ತಲೆಮಾರುಗಳಿಂದ ಈ ಕೆಲಸ ಮಾಡುತ್ತಿರುವ ಮುಸ್ಲಿಂ ಕುಟುಂಬಗಳಿವೆ. ವಾದ್ಯದ ಬುಡಕ್ಕೆ ಒಣಗಿಸಿದ ಸೋರೆ ಬುರುಡೆ ಕಟ್ಟುತ್ತಾರೆ. ಯಾವ ಎರಡು ಸೋರೆಯೂ ಒಂದೇ ಅಳತೆಯಲ್ಲಿ ಬೆಳೆಯುವುದಿಲ್ಲ. ಕೈಗೆ ಸಿಕ್ಕಿದ್ದನ್ನು ನೋಡಿಯೇ ಮರ ಕೊರೆಯಬೇಕು. ಮೂಗು-ಕಿವಿ ಸರ್ಜನ್‌ಗಳ ಕಷ್ಟವೂ ಅದೇ, ಅವರಿಗೆ ಸೋರೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವ ಅನುಕೂಲ ಇಲ್ಲ.

ಒಣ ಬುರುಡೆಯಿಂದ ಕಂಪ್ಯೂಟರ್ ಪರದೆಗೆ

ಹಿಂದೆ ಈ ವ್ಯತ್ಯಾಸಗಳನ್ನು ತಿಳಿಯಲು ಇದ್ದ ದಾರಿ ಎರಡೇ. ಒಂದು ಶವಚ್ಛೇದನ, ಇನ್ನೊಂದು ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದ ಕಪಾಟಿನಲ್ಲಿರುವ ಒಣ ಬುರುಡೆಗಳು. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸಹಿತ ದೇಶದ ಅನೇಕ ಕಾಲೇಜುಗಳ ಅನಾಟಮಿ ಅಧ್ಯಾಪಕರು ಒಣ ಬುರುಡೆಯ ರಂಧ್ರಗಳನ್ನು ಕ್ಯಾಲಿಪರ್ ಹಿಡಿದು ಅಳೆದು ಲೇಖನ ಪ್ರಕಟಿಸಿದ್ದಾರೆ. ಒಳ್ಳೆಯ ಕೆಲಸ ಅದು. ಆದರೆ ಒಣ ಬುರುಡೆ ಯಾರದ್ದು, ವಯಸ್ಸು ಎಷ್ಟು, ಗಂಡೋ ಹೆಣ್ಣೋ ಅಂತ ಹೆಚ್ಚಿನ ಸಲ ಖಚಿತ ಗೊತ್ತಿರುವುದಿಲ್ಲ. ನಾಜೂಕಾದ ಎಲುಬಿನ ಪದರ ಹಳೆಯದಾದಾಗ ಮುರಿದಿರುತ್ತದೆ. ಬುರುಡೆಗಳ ಸಂಖ್ಯೆಯೂ ಕಡಿಮೆ.

1971ರ ಅಕ್ಟೋಬರ್ 1ರಂದು ಲಂಡನ್‌ನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿ ಒಬ್ಬ ರೋಗಿಯ ತಲೆಯ ಸಿಟಿ ಸ್ಕ್ಯಾನ್ ನಡೆಯಿತು. ಯಂತ್ರ ಮಾಡಿದವರು ಇಎಂಐ ಕಂಪೆನಿಯ ಇಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್. ಗ್ರಾಮಫೋನ್ ರೆಕಾರ್ಡುಗಳ ಮೇಲೆ ಹೆಸರು ಕಾಣುತ್ತಿದ್ದ ಅದೇ ಇಎಂಐ. ಇದೇ ಲೆಕ್ಕಾಚಾರವನ್ನು ಮೊದಲೇ ಬೇರೆಯಾಗಿ ಬರೆದಿಟ್ಟಿದ್ದ ಅಲನ್ ಕಾರ್ಮಾಕ್ ಜತೆ ಅವರಿಗೆ 1979ರಲ್ಲಿ ನೊಬೆಲ್ ಬಂತು. ಆ ಮೊದಲ ಚಿತ್ರದಲ್ಲಿ ಇದ್ದದ್ದು 80 ಸಾಲು, 80 ಕಂಬದ ಚುಕ್ಕಿಗಳು ಮಾತ್ರ. ಇಂದಿನ ಚಿತ್ರದಲ್ಲಿ 512 ಸಾಲು, 512 ಕಂಬ.

ಕೆಲಸ ಮಾಡುವ ರೀತಿ ಹೀಗೆ: ಎಕ್ಸ್-ರೇ ಕೊಳವೆ ತಲೆಯ ಸುತ್ತ ತಿರುಗುತ್ತದೆ, ಎದುರಿನ ಸೆನ್ಸರ್‌ಗಳು ಎಷ್ಟು ಕಿರಣ ಆಚೆ ಬಂತು ಅಂತ ಲೆಕ್ಕ ಇಡುತ್ತವೆ, ಕಂಪ್ಯೂಟರ್ ಅದರಿಂದ ಒಂದೊಂದು ಬಿಂದುವಿಗೆ ಒಂದೊಂದು ಸಂಖ್ಯೆ ಕೊಡುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಸುಮಾರು ಮೈನಸ್ 100, ಗಟ್ಟಿ ಎಲುಬಿಗೆ 1000ಕ್ಕೂ ಮೇಲೆ. ಇದನ್ನು ಹೌನ್ಸ್‌ಫೀಲ್ಡ್ ಯೂನಿಟ್ ಅಂತಾರೆ. ಮೂಗಿನ ಒಳಗೆ ಗಾಳಿ ಪಕ್ಕದಲ್ಲೇ ಎಲುಬು ಇರುವುದರಿಂದ ಎರಡರ ಸಂಖ್ಯೆಯಲ್ಲಿ ಭಾರಿ ಅಂತರ. ಹಾಗಾಗಿ ಸೈನಸ್ ಮತ್ತು ಬುರುಡೆಯ ತಳದ ಎಲುಬು ನೋಡಲು ಸಿಟಿಗಿಂತ ಒಳ್ಳೆಯ ಸಾಧನ ಇಲ್ಲ. ನರ, ಮೆದುಳು, ಗಡ್ಡೆಯಂಥ ಮೆತ್ತನೆಯ ವಸ್ತು ನೋಡಲು ಎಂಆರ್‌ಐ ಬೇಕು. ಇದೂ ಸಾಕು, ಅದೂ ಸಾಕು ಅಂತ ಕೇಳುವವರಿಗೆ ಉತ್ತರ ಇದೇ: ಎರಡರ ಕೆಲಸ ಬೇರೆ.

1990ರ ದಶಕದವರೆಗೂ ಮೂಗಿನ ಎದುರಿನಿಂದ ಕೊಯ್ದ ಹಾಗೆ ಚಿತ್ರ ಬೇಕಿದ್ದರೆ ರೋಗಿ ಬೋರಲು ಮಲಗಿ ಗದ್ದ ಮೇಲೆತ್ತಿ ಇರಬೇಕಿತ್ತು. ಈಗ ಸುರುಳಿಯಾಗಿ ಸುತ್ತುವ ಯಂತ್ರ ಅರ್ಧ ಮಿ.ಮೀ. ಆಸುಪಾಸಿನ ಹೋಳುಗಳನ್ನು ಕೆಲವೇ ಸೆಕೆಂಡಿನಲ್ಲಿ ತೆಗೆಯುತ್ತದೆ. ಅಂಗಾತ ಮಲಗಿದ್ದರೆ ಸಾಕು. ಆಮೇಲೆ ಅದೇ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಅಡ್ಡ, ಉದ್ದ, ಪಕ್ಕ ಹೇಗೆ ಬೇಕಾದರೂ ಕೊಯ್ದು ನೋಡಬಹುದು. ಬದುಕಿರುವ ಮನುಷ್ಯನ ಬುರುಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದ ಹಾಗೆ.

ಇಲ್ಲಿ ಒಂದು ಮಾತು. ಮರಣೋತ್ತರ ಪರೀಕ್ಷೆ ಅಂದಾಗ ಮಯ್ಯಿತ್ ಕೊಯ್ಯುವ ಬಗ್ಗೆ ಸಮುದಾಯದ ಕುಟುಂಬಗಳು ಎಷ್ಟು ನೋಯುತ್ತವೆ ಅಂತ ಎಲ್ಲರಿಗೂ ಗೊತ್ತು. ದಿಲ್ಲಿಯ ಏಮ್ಸ್‌ನಲ್ಲಿ 2021ರಲ್ಲಿ ಶುರುವಾದ ವರ್ಚುವಲ್ ಆಟೊಪ್ಸಿ ಇದೇ ಸಿಟಿ ತಂತ್ರದ್ದು. ಎಲ್ಲ ಪ್ರಕರಣಕ್ಕೂ ಅದು ಸಾಲುವುದಿಲ್ಲ, ಎಲ್ಲ ಊರಲ್ಲೂ ಇಲ್ಲ. ಆದರೆ ಅಂಥದ್ದೊಂದು ಇದೆ ಅಂತ ತಿಳಿದಿರುವುದು ಒಳ್ಳೆಯದು.

ಮೂಗಿನ ಮೇಲಿನ ಗುಂಡಿ

ವ್ಯತ್ಯಾಸಗಳಲ್ಲಿ ಸಾಮಾನ್ಯ ಜನರಿಗೆ ಹೆಚ್ಚು ಸಂಬಂಧಪಡುವುದು ಮೂಗಿನ ಮಾಡಿನದ್ದು, ಯಾಕೆಂದರೆ ಸೈನಸ್ ಆಪರೇಷನ್ ಈಗ ಸಣ್ಣ ಪಟ್ಟಣದಲ್ಲೂ ಆಗುತ್ತದೆ. ಮೂಗಿನ ಒಳಗೆ ದುರ್ಬೀನು ತೂರಿಸಿ ಮುಚ್ಚಿದ ಸೈನಸ್ ದಾರಿ ತೆರೆಯುವುದು. ಹೊರಗೆ ಗಾಯ ಕಾಣುವುದಿಲ್ಲ, ಬೇಗ ಮನೆಗೆ ಹೋಗಬಹುದು. ಹಾಗಾಗಿ ಜನ ಇದನ್ನು ಸಣ್ಣ ಆಪರೇಷನ್ ಅಂದುಕೊಳ್ಳುತ್ತಾರೆ. ಆದರೆ ಉಪಕರಣ ಓಡಾಡುವ ಜಾಗದ ಮೇಲೆ ಮೆದುಳು, ಪಕ್ಕದಲ್ಲಿ ಕಣ್ಣು.

ಮೂಗಿನ ಮಾಡಿನ ನಡುವೆ ಜರಡಿಯ ಹಾಗೆ ತೂತುಗಳಿರುವ ತೆಳು ತಗಡು ಇದೆ. ವಾಸನೆ ತಿಳಿಯುವ ನರದ ಎಳೆಗಳು ಆ ತೂತುಗಳಿಂದಲೇ ಮೂಗಿಗೆ ಇಳಿಯುತ್ತವೆ. ಈ ಜರಡಿ ಪಕ್ಕದ ಮಾಡಿಗಿಂತ ಸ್ವಲ್ಪ ಕೆಳಗೆ, ಒಂದು ಗುಂಡಿಯಲ್ಲಿ ಇದೆ. ಗುಂಡಿ ಎಷ್ಟು ಆಳ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು. 1962ರಲ್ಲಿ ಯುಗೊಸ್ಲಾವಿಯದ ಪ್ರೆಡ್ರಾಗ್ ಕೆರೋಸ್ ಇದನ್ನು ಮೂರು ಬಗೆ ಮಾಡಿದರು. 1ರಿಂದ 3 ಮಿ.ಮೀ. ಆಳ ಇದ್ದರೆ ಮೊದಲ ಬಗೆ, 4ರಿಂದ 7 ಇದ್ದರೆ ಎರಡನೆಯದು, 8ರಿಂದ 16 ಇದ್ದರೆ ಮೂರನೆಯದು. ಹೆಚ್ಚಿನ ಅಧ್ಯಯನಗಳಲ್ಲಿ ಎರಡನೇ ಬಗೆಯೇ ಜಾಸ್ತಿ.

ಗುಂಡಿ ಆಳ ಆದಷ್ಟೂ ಅದರ ಪಕ್ಕದ ಗೋಡೆ ಉದ್ದ ಆಗುತ್ತದೆ. ಆ ಗೋಡೆಯೇ ಇಡೀ ಬುರುಡೆಯ ತಳದ ಅತಿ ತೆಳುವಾದ ಎಲುಬು. ಕೆಲವು ಕಡೆ ಮಿ.ಮೀ.ನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಉಪಕರಣ ಅಲ್ಲಿ ತಾಗಿದರೆ ಗೋಡೆ ಒಡೆದು ಮೆದುಳಿನ ಸುತ್ತ ಇರುವ ನೀರು ಮೂಗಿನಿಂದ ಸೋರಬಹುದು. ಸೋರಿದ ದಾರಿಯಲ್ಲೇ ಸೋಂಕು ಮೇಲೆ ಹತ್ತಿ ಮೆದುಳುಪೊರೆಯ ಉರಿಯೂತ ಬರಬಹುದು. ಅದರಲ್ಲೂ ಒಂದು ಬದಿ ಆಳ, ಇನ್ನೊಂದು ಬದಿ ಮೇಲೆ ಇರುವವರಲ್ಲಿ ಅಪಾಯ ಹೆಚ್ಚು, ಬಲಗಡೆ ನೋಡಿದ ಅಂದಾಜಿನಲ್ಲಿ ಎಡಗಡೆ ಕೈ ಹಾಕಿದರೆ ಲೆಕ್ಕ ತಪ್ಪುತ್ತದೆ. ಆಪರೇಷನ್ ಮೊದಲು ಎದುರು ಹೋಳಿನ ಸಿಟಿ ಚಿತ್ರದಲ್ಲಿ ಅಳೆದರೆ ಇದು ಎರಡು ನಿಮಿಷದ ಕೆಲಸ.

ಹಿಂದಿನ ಕೋಣೆಯಲ್ಲಿ ಕಣ್ಣಿನ ನರ

ಮೂಗಿನ ತುಂಬ ಹಿಂದೆ ಸ್ಫೀನಾಯ್ಡ್ ಎಲುಬಿನ ಒಳಗೆ ಒಂದು ಗಾಳಿಕೋಣೆ ಇದೆ. ಅದರ ಮಾಡಿನ ಮೇಲೆ ಪಿಟ್ಯುಟರಿ ಗ್ರಂಥಿ. ಪಿಟ್ಯುಟರಿ ಗಡ್ಡೆಯನ್ನು ಈಗ ಹೆಚ್ಚಾಗಿ ತಲೆ ತೆರೆಯದೆ ಮೂಗಿನ ಮೂಲಕ ಈ ಕೋಣೆ ಹೊಕ್ಕು ತೆಗೆಯುತ್ತಾರೆ. ಕೋಣೆಯ ಎರಡು ಪಕ್ಕದ ಗೋಡೆಗೆ ಅಂಟಿಕೊಂಡೇ ಕೆರೋಟಿಡ್ ಅಪಧಮನಿ, ಅದರ ಮೇಲೆ ಕಣ್ಣಿನ ನರ ಹೋಗುತ್ತವೆ.

ಈ ಕೋಣೆ ಎಷ್ಟು ದೊಡ್ಡದು ಅನ್ನುವುದರಲ್ಲಿ ಅಪಾರ ವ್ಯತ್ಯಾಸ. ಸಣ್ಣ ಮಕ್ಕಳಲ್ಲಿ ಕೋಣೆಯೇ ಇರುವುದಿಲ್ಲ, ಬೆಳೆಯುತ್ತ ಎಲುಬಿನೊಳಗೆ ಗಾಳಿ ತುಂಬುತ್ತದೆ. ಅಪರೂಪಕ್ಕೆ ದೊಡ್ಡವರಲ್ಲೂ ಎಲುಬು ಗಟ್ಟಿಯಾಗಿಯೇ ಉಳಿದಿರುತ್ತದೆ. ಅಂಥವರಲ್ಲಿ ಕೊರೆದು ದಾರಿ ಮಾಡಬೇಕು. ಹೆಚ್ಚಿನವರಲ್ಲಿ ಗಾಳಿ ಪಿಟ್ಯುಟರಿಯ ಕೆಳಗಿನವರೆಗೂ ಬಂದಿರುತ್ತದೆ. ಕೆಲವರಲ್ಲಿ ಅದೂ ದಾಟಿ ಹಬ್ಬಿ ರಕ್ತನಾಳ ಮತ್ತು ಕಣ್ಣಿನ ನರ ಕೋಣೆಯ ಒಳಗೇ ಉಬ್ಬಿ ನಿಂತಿರುತ್ತವೆ. ಮೇಲಿನ ಎಲುಬಿನ ಹೊದಿಕೆ ಪೂರಾ ಇಲ್ಲದೆ ಬರೀ ಲೋಳೆಪೊರೆ ಇರುವುದೂ ಉಂಟು. ರಿಪೋರ್ಟಿನಲ್ಲಿ ಬರುವ 'ಡಿಹಿಸೆನ್ಸ್' ಅಂದರೆ ಇದೇ.

ಕೋಣೆಯ ನಡುವಿನ ಅಡ್ಡಗೋಡೆ ನೆಟ್ಟಗೆ ನಡುವಲ್ಲೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅದು ವಾಲಿಕೊಂಡು ಹೋಗಿ ಕೆರೋಟಿಡ್ ಮೇಲಿನ ಎಲುಬಿಗೇ ಅಂಟಿರಬಹುದು. ಅಂಥಲ್ಲಿ ಗೋಡೆಯನ್ನು ಹಿಡಿದು ತಿರುಚಿ ಎಳೆದರೆ ರಕ್ತನಾಳವೇ ಹರಿಯಬಹುದು. ಮೂಗಿನೊಳಗೆ ಕೆರೋಟಿಡ್ ಒಡೆದರೆ ಜೀವ ಉಳಿಸಲು ಸಿಗುವ ಸಮಯ ತೀರಾ ಕಡಿಮೆ.

ಒನೊಡಿ ಸೆಲ್ ಎಂಬ ಹೆಸರು ಬಂದದ್ದು ಬುಡಾಪೆಸ್ಟಿನ ಮೂಗು-ಗಂಟಲು ವೈದ್ಯ ಅಡಾಲ್ಫ್ ಒನೊಡಿಯಿಂದ. ಎಥ್ಮಾಯ್ಡ್ ಗೂಡುಗಳ ಪೈಕಿ ಕೊನೆಯದು ಕೆಲವರಲ್ಲಿ ಸ್ಫೀನಾಯ್ಡ್ ಕೋಣೆಯ ಮೇಲೆ ಏರಿ ಕೂತಿರುತ್ತದೆ. ಆಗ ಕಣ್ಣಿನ ನರ ಸ್ಫೀನಾಯ್ಡ್ ಬಿಟ್ಟು ಈ ಗೂಡಿನ ಪಕ್ಕದಲ್ಲಿ, ಕೆಲವೊಮ್ಮೆ ಗೂಡಿನ ಒಳಗೇ ಹಾದುಹೋಗುತ್ತದೆ. ಗೊತ್ತಿಲ್ಲದೆ ಇದನ್ನೇ ಸ್ಫೀನಾಯ್ಡ್ ಅಂದುಕೊಂಡು ಕೆಲಸ ಮಾಡಿದರೆ ಕಣ್ಣಿಗೆ ಪೆಟ್ಟು. ಗೊತ್ತಿದ್ದರೆ ಏನೂ ಇಲ್ಲ, ಇನ್ನೊಂದು ಕಡೆಯಿಂದ ಹೋದರಾಯಿತು. ಒನೊಡಿ ಸೆಲ್ ಇಟ್ಟುಕೊಂಡು ಜೀವಮಾನವಿಡೀ ಯಾವ ತೊಂದರೆಯೂ ಇಲ್ಲದೆ ಬದುಕಿದವರೇ ಹೆಚ್ಚು.

2021ರ ಕೋವಿಡ್ ಎರಡನೇ ಅಲೆಯ ನಂತರ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಕಪ್ಪು ಶಿಲೀಂಧ್ರ ಕಾಣಿಸಿಕೊಂಡಾಗ ಈ ಭಾಗದ ಅನಾಟಮಿ ಏಕಾಏಕಿ ಎಲ್ಲರ ಬಾಯಿಗೆ ಬಂತು. ಮ್ಯೂಕರ್ ಮೂಗಿನಲ್ಲಿ ಶುರುವಾಗಿ, ಮೇಲ್ದವಡೆಯ ಹಿಂದಿನ ಸಂದಿಗೆ ಹೋಗಿ, ಅಲ್ಲಿಂದ ನರ-ರಕ್ತನಾಳಗಳ ದಾರಿ ಹಿಡಿದು ಕಣ್ಣಿನ ಗೂಡು ಮತ್ತು ಮೆದುಳಿನ ತಳ ಸೇರುತ್ತಿತ್ತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಸ್ಟೆರಾಯ್ಡ್ ಪಡೆದವರು ಹೆಚ್ಚು ಸಿಕ್ಕಿಬಿದ್ದರು. ಎಲ್ಲಿಯವರೆಗೆ ಹಬ್ಬಿದೆ, ಎಲ್ಲಿಯವರೆಗೆ ಕೆರೆದು ತೆಗೆಯಬೇಕು ಅಂತ ನಿರ್ಧರಿಸಲು ಸಿಟಿ ಮತ್ತು ಎಂಆರ್‌ಐ ಎರಡೂ ಬೇಕಾಯಿತು. ಎಲುಬು ಕೊರೆಯದೆಯೂ ಈ ಶಿಲೀಂಧ್ರ ದಾಟುತ್ತದೆ, ಆದ್ದರಿಂದ ಸಿಟಿಯಲ್ಲಿ ಎಲುಬು ಸರಿ ಇದೆ ಅಂತ ಸುಮ್ಮನಿರುವ ಹಾಗಿರಲಿಲ್ಲ.

ರಂಧ್ರಗಳ ವಿಷಯ

ಫೋರಾಮೆನ್ ಓವೇಲ್ ಅಂದರೆ ಮೊಟ್ಟೆಯಾಕಾರದ ರಂಧ್ರ, ಉದ್ದ ಸುಮಾರು 7 ಮಿ.ಮೀ., ಅಗಲ ಅದರ ಅರ್ಧದಷ್ಟು. ಕೆಳದವಡೆಗೆ ಹೋಗುವ ನರ ಇಲ್ಲಿಂದ ಹೊರಬರುತ್ತದೆ. ಮುಖದಲ್ಲಿ ಕರೆಂಟು ಹೊಡೆದ ಹಾಗೆ ನೋವು ಬರುವ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಮಾತ್ರೆಗೆ ಬಗ್ಗದಿದ್ದರೆ ಒಂದು ಚಿಕಿತ್ಸೆ ಇದೆ: ಕೆನ್ನೆಯಿಂದ ಸೂಜಿ ತೂರಿಸಿ ಈ ರಂಧ್ರದ ಮೂಲಕ ನರದ ಗಂಟು ತಲುಪುವುದು. ಹೆಸರು ಮೊಟ್ಟೆ ಆದರೂ ಕೆಲವರಲ್ಲಿ ಇದು ಬಾದಾಮಿಯಂತೆ, ಕೆಲವರಲ್ಲಿ ದುಂಡಗೆ, ಕೆಲವರಲ್ಲಿ ಬರೀ ಸೀಳಿನಂತೆ ಇರುತ್ತದೆ. ನಡುವೆ ಎಲುಬಿನ ಮುಳ್ಳು ಬೆಳೆದು ದಾರಿಗೆ ಅಡ್ಡ ನಿಲ್ಲುವುದೂ ಉಂಟು. ಸೂಜಿ ಹಲವು ಸಲ ಪ್ರಯತ್ನಿಸಿದರೂ ಒಳಗೆ ಹೋಗದಿರಲು ಇದೂ ಒಂದು ಕಾರಣ. ಪಕ್ಕದಲ್ಲಿ ವೆಸಾಲಿಯಸ್ ಹೆಸರಿನ ಪುಟ್ಟ ರಂಧ್ರ ಕೆಲವರಲ್ಲಿ ಇರುತ್ತದೆ, ಕೆಲವರಲ್ಲಿ ಇರುವುದಿಲ್ಲ, ಇನ್ನು ಕೆಲವರಲ್ಲಿ ಒಂದೇ ಕಡೆ. ಅದರಲ್ಲಿ ಹೋಗುವ ಸಣ್ಣ ಅಭಿಧಮನಿ ಮುಖದ ಆಳದ ಸೋಂಕನ್ನು ಒಳಗೆ ಒಯ್ಯುವ ದಾರಿಯೂ ಆಗಬಹುದು.

ಜುಗುಲಾರ್ ರಂಧ್ರ ಹೆಚ್ಚಿನವರಲ್ಲಿ ಬಲಗಡೆ ದೊಡ್ಡದು. ಮೆದುಳಿನ ರಕ್ತ ಹೆಚ್ಚಾಗಿ ಬಲಕ್ಕೆ ಇಳಿಯುವುದೇ ಅದಕ್ಕೆ ಕಾರಣ. ಇದು ಗೊತ್ತಿಲ್ಲದವರು ಒಂದು ಬದಿ ದೊಡ್ಡದಿದೆ, ಗಡ್ಡೆ ಇರಬೇಕು ಅಂತ ಭಯ ಹುಟ್ಟಿಸಬಹುದು. ಸಿಟಿಯಲ್ಲಿ ಅಂಚು ನುಣುಪಾಗಿ, ಗಟ್ಟಿ ಗೆರೆಯಂತೆ ಇದ್ದರೆ ಅದು ಹುಟ್ಟಿನ ರಚನೆ. ಗೆದ್ದಲು ತಿಂದ ಹಾಗೆ ಸವೆದಿದ್ದರೆ ಮಾತ್ರ ಮುಂದಿನ ತನಿಖೆ. ಕೆಲವರಲ್ಲಿ ಈ ಅಭಿಧಮನಿಯ ಉಬ್ಬು ಮೇಲೇರಿ ಕಿವಿಯ ನಡುಭಾಗಕ್ಕೇ ಇಣುಕುತ್ತದೆ. ಕಿವಿ ತಮಟೆಯ ಹಿಂದೆ ನೀಲಿ ಬಣ್ಣ ಕಾಣುತ್ತದೆ, ನಾಡಿಯ ಬಡಿತ ಕಿವಿಯಲ್ಲಿ ಕೇಳಿಸುತ್ತದೆ. ತೀರಾ ಅಪರೂಪಕ್ಕೆ ಕೆರೋಟಿಡ್ ಅಪಧಮನಿಯೇ ದಾರಿ ತಪ್ಪಿ ಕಿವಿಯೊಳಗೆ ಬಂದಿರುತ್ತದೆ. ಅದನ್ನು ಗಡ್ಡೆ ಅಂದುಕೊಂಡು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಲು ಹೋದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಕಿವಿ ಸೋರುವವರಿಗೆ ಮಾಸ್ಟಾಯ್ಡ್ ಆಪರೇಷನ್ ಮಾಡುವ ಮೊದಲೂ ಮೆದುಳಿನ ಪೊರೆ ಎಷ್ಟು ಕೆಳಗೆ ಇಳಿದಿದೆ, ಹಿಂದಿನ ದೊಡ್ಡ ಅಭಿಧಮನಿ ಎಷ್ಟು ಮುಂದೆ ಬಂದಿದೆ ಅಂತ ಸಿಟಿ ತಿಳಿಸುತ್ತದೆ.

ಅಧ್ಯಯನ ನಡೆಯುವುದು ಹೀಗೆ

ಅಧ್ಯಯನಕ್ಕಾಗಿ ಯಾರನ್ನೂ ಕರೆದು ಹೊಸದಾಗಿ ಸ್ಕ್ಯಾನ್ ಮಾಡುವುದಿಲ್ಲ, ಮಾಡಲೂ ಬಾರದು. ಬೇರೆ ಕಾರಣಕ್ಕೆ ಆಗಲೇ ತೆಗೆದ ಸ್ಕ್ಯಾನ್‌ಗಳು ಆಸ್ಪತ್ರೆಯ ಸರ್ವರ್‌ನಲ್ಲಿ ಇರುತ್ತವೆ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಹೆಸರು-ವಿಳಾಸ ತೆಗೆದು, ವಯಸ್ಸು ಮತ್ತು ಲಿಂಗ ಮಾತ್ರ ಇಟ್ಟುಕೊಂಡು ಅಳತೆ ಮಾಡುತ್ತಾರೆ. ಅಪಘಾತದಲ್ಲಿ ಎಲುಬು ಮುರಿದವರು, ಗಡ್ಡೆ ಇರುವವರು, ಮೊದಲೇ ಆಪರೇಷನ್ ಆದವರ ಸ್ಕ್ಯಾನ್ ಬಿಟ್ಟುಬಿಡುತ್ತಾರೆ. ಒಬ್ಬರು ಅಳೆದದ್ದನ್ನು ನೋಡದೆ ಇನ್ನೊಬ್ಬರು ಅಳೆಯುತ್ತಾರೆ, ಆಮೇಲೆ ಎರಡನ್ನೂ ತಾಳೆ ನೋಡುತ್ತಾರೆ. ಅಂಗಡಿಯ ಸ್ಟಾಕನ್ನು ಇಬ್ಬರು ಬೇರೆ ಬೇರೆ ಎಣಿಸಿದ ಹಾಗೆ. ಬಿ.ಕಾಂ.ನಲ್ಲಿ ಕಲಿತ ಸರಾಸರಿ, ಪ್ರಮಾಣ ವಿಚಲನೆ ಎಲ್ಲ ಇಲ್ಲಿ ಬರುತ್ತದೆ.

ಫಲಿತಾಂಶ ಓದುವಾಗ ಎರಡು ಎಚ್ಚರಿಕೆ ಬೇಕು. ಆಸ್ಪತ್ರೆಗೆ ಬಂದವರು ಇಡೀ ಊರಿನ ಪ್ರತಿನಿಧಿಗಳಲ್ಲ, ಸೈನಸ್ ತೊಂದರೆ ಇರುವವರೇ ಸೈನಸ್ ಸ್ಕ್ಯಾನ್‌ಗೆ ಬರುವುದು. ಎರಡನೆಯದು ಯಂತ್ರದ್ದೇ ಮಿತಿ. ಎಲುಬು ಹೋಳಿಗಿಂತಲೂ ತೆಳು ಇದ್ದರೆ ಒಂದೇ ಚುಕ್ಕಿಯಲ್ಲಿ ಎಲುಬೂ ಗಾಳಿಯೂ ಸೇರಿ ಸಂಖ್ಯೆ ಸರಾಸರಿ ಆಗುತ್ತದೆ, ಇರುವ ಎಲುಬು ಇಲ್ಲದ ಹಾಗೆ ಕಾಣುತ್ತದೆ. ದಪ್ಪ ಹೋಳಿನ ಸ್ಕ್ಯಾನ್‌ನಲ್ಲಿ 'ತೂತು' ಜಾಸ್ತಿ ಸಿಗುತ್ತದೆ. ಹಾಗಾಗಿ ಎರಡು ಊರಿನ ಲೆಕ್ಕ ಬೇರೆ ಬಂದರೆ ಮೊದಲು ಕೇಳಬೇಕಾದದ್ದು ಜನ ಬೇರೆಯೋ ಅಂತ ಅಲ್ಲ, ಹೋಳಿನ ದಪ್ಪ ಬೇರೆಯೋ ಅಂತ.

ಬುರುಡೆ ಅಳೆಯುವುದಕ್ಕೆ ಒಂದು ಕೆಟ್ಟ ಇತಿಹಾಸವೂ ಇದೆ, ಅದನ್ನು ಯುವಕರು ತಿಳಿದಿರಬೇಕು. ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ ಮೂಗು, ತಲೆ ಅಳೆದು ಜಾತಿಗಳ ಮೇಲು-ಕೀಳು ನಿರ್ಧರಿಸಲು ಹೊರಟವನು. 1901ರ ಜನಗಣತಿಗೆ ಅವನೇ ಆಯುಕ್ತ ಆಗಿದ್ದ. ಬ್ಯಾರಿಗಳ ಮೂಲ ಅರಬ್ಬೋ ಇಲ್ಲಿಯದೋ ಅನ್ನುವ ಚರ್ಚೆ ಸಮುದಾಯದಲ್ಲಿ ಆಗಾಗ ಏಳುತ್ತದೆ. ಅದಕ್ಕೆ ಬುರುಡೆಯ ಅಳತೆಯಲ್ಲಿ ಉತ್ತರ ಹುಡುಕುವುದು ವ್ಯರ್ಥ. ಒಂದೇ ಮನೆಯ ಅಣ್ಣ-ತಮ್ಮಂದಿರಲ್ಲಿ ಮಾತ್ರ ಅಲ್ಲ, ಒಬ್ಬನದೇ ಎಡ-ಬಲದಲ್ಲಿ ವ್ಯತ್ಯಾಸ ಇರುತ್ತದೆ. ಮಿರಜ್‌ನಲ್ಲಿ ಕನ್ನಡದವರು, ಮರಾಠಿಯವರು ಒಂದೇ ಯಂತ್ರದ ಕೆಳಗೆ ಮಲಗುತ್ತಾರೆ, ಎಲುಬು ನೋಡಿ ಯಾರು ಯಾವ ಭಾಷೆಯವರು ಅಂತ ಹೇಳಲು ಸಾಧ್ಯವಿಲ್ಲ. ಇಲ್ಲಿನ ಜನರ ಅಳತೆ ಬೇಕಾಗಿರುವುದು ಬೇರೆ ಕಾರಣಕ್ಕೆ: ಯುರೋಪಿನವರ ಸರಾಸರಿ ನೋಡಿ ಕಲಿತ ಸರ್ಜನ್‌ಗೆ ಇಲ್ಲಿ ಯಾವ ವ್ಯತ್ಯಾಸ ಎಷ್ಟು ಸಲ ಎದುರಾಗಬಹುದು ಅನ್ನುವ ಅಂದಾಜು ಸಿಗಲಿ ಅಂತ.

ಸ್ಕ್ಯಾನ್ ಮಾಡಿಸುವವರಿಗೆ

ಸೈನಸ್ ಆಪರೇಷನ್‌ಗೆ ಮೊದಲು ಸಿಟಿ ಮಾಡಿಸುವುದು ಈಗ ಕಡ್ಡಾಯದ ಹಾಗೆಯೇ. ಜೋರು ಶೀತ ಇರುವಾಗ ಮಾಡಿಸಿದರೆ ಎಲ್ಲರ ಸೈನಸ್ಸೂ ತುಂಬಿದ ಹಾಗೆ ಕಾಣುತ್ತದೆ. ತುರ್ತು ಇಲ್ಲದಿದ್ದರೆ ಮದ್ದು ಮುಗಿದ ಮೇಲೆ ಮಾಡಿಸುವುದು ಸರಿ. ಬರೀ ಸೈನಸ್ ನೋಡಲು ಸಾಮಾನ್ಯವಾಗಿ ನರಕ್ಕೆ ಬಣ್ಣದ ಇಂಜೆಕ್ಷನ್ ಬೇಕಾಗುವುದಿಲ್ಲ. ಬೇಕಾದಾಗ ಕಿಡ್ನಿ ತೊಂದರೆ, ಅಲರ್ಜಿ, ಸಕ್ಕರೆ ಮಾತ್ರೆಯ ವಿವರ ಮೊದಲೇ ಹೇಳಬೇಕು. ಗರ್ಭಿಣಿ ಆಗಿರುವ ಸಾಧ್ಯತೆ ಇದ್ದರೆ ನಾಚಿಕೆ ಬಿಟ್ಟು ಹೇಳಬೇಕು.

ವಿಕಿರಣದ ಲೆಕ್ಕ: ಸೈನಸ್ ಸಿಟಿ ಸುಮಾರು 1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ, ತಲೆಯ ಸಿಟಿ 2ರ ಆಸುಪಾಸು. ಪ್ರಕೃತಿಯಿಂದಲೇ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಒಂದು ಸ್ಕ್ಯಾನ್‌ಗೆ ಹೆದರಬೇಕಾಗಿಲ್ಲ. ಆದರೆ ಮಕ್ಕಳಿಗೆ ಸುಮ್ಮಸುಮ್ಮನೆ, ಆಸ್ಪತ್ರೆ ಬದಲಾಯಿಸಿದ ಹಾಗೆಲ್ಲ ಮತ್ತೆ ಮತ್ತೆ ಮಾಡಿಸುವುದು ಬೇಡ. ಸಿಟಿ ಯಂತ್ರ ನಡೆಸುವ ಪ್ರತಿ ಕೇಂದ್ರಕ್ಕೂ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಇರಬೇಕು, ಅದನ್ನು ಕೇಳುವುದರಲ್ಲಿ ತಪ್ಪಿಲ್ಲ.

ಎಲ್ಲಕ್ಕಿಂತ ಉಪಯೋಗದ ಸಂಗತಿ ಸಿಡಿ. ಫಿಲ್ಮಿನ ಮೇಲೆ ಆಯ್ದ ಕೆಲವು ಚಿತ್ರ ಮಾತ್ರ ಇರುತ್ತದೆ. ಸಿಡಿಯಲ್ಲಿ ಅಥವಾ ಪೆನ್‌ಡ್ರೈವ್‌ನಲ್ಲಿ ಎಲ್ಲ ತೆಳು ಹೋಳುಗಳೂ ಇರುತ್ತವೆ. ಡಾಕ್ಟರ್ ತಮ್ಮ ಕಂಪ್ಯೂಟರಿನಲ್ಲಿ ಬೇಕಾದ ಹಾಗೆ ಕೊಯ್ದು ನೋಡಬಹುದು. ಕೇಳಿ ಪಡೆದುಕೊಳ್ಳಬೇಕು. ಫಿಲ್ಮಿನ ಮೊಬೈಲ್ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಗಲ್ಫ್‌ನಲ್ಲಿರುವ ಡಾಕ್ಟರ್ ಸಂಬಂಧಿಕರಿಗೆ ಕಳಿಸಿ ಅಭಿಪ್ರಾಯ ಕೇಳುವವರು ಬಹಳ. ಅದರಲ್ಲಿ ಅರ್ಧ ಮಿ.ಮೀ. ಎಲುಬು ಕಾಣುವುದಿಲ್ಲ, ಪಾಪ ಅವರು ಏನು ಹೇಳಿಯಾರು? ಎರಡನೇ ಸಲ ಆಪರೇಷನ್ ಆಗುವವರು ಹಳೆಯ ಸ್ಕ್ಯಾನ್ ಬಿಸಾಡಬಾರದು, ಯಾಕೆಂದರೆ ಮೊದಲಿನ ಗುರುತುಗಳು ಅಷ್ಟರಲ್ಲಿ ಅಳಿಸಿಹೋಗಿರುತ್ತವೆ.

ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಬಹುದಾದ ಪ್ರಶ್ನೆ ಸರಳ: ಡಾಕ್ಟ್ರೇ, ಸಿಟಿಯಲ್ಲಿ ಇವರ ಮೂಗಿನ ಮಾಡು ಎಷ್ಟು ಕೆಳಗಿದೆ, ಕಣ್ಣಿನ ನರ ಎಲ್ಲಿ ಹೋಗುತ್ತದೆ? ಸಿಡಿ ಹಾಕಿ ಪರದೆಯಲ್ಲಿ ತೋರಿಸಿ ಹೇಳುವ ಡಾಕ್ಟರ್‌ಗಳು ಮಂಗಳೂರಿನಲ್ಲೂ ಮಿರಜ್‌ನಲ್ಲೂ ಇದ್ದಾರೆ.

ಸಿಟಿ ಯಂತ್ರ ನಡೆಸುವ ಕೆಲಸ ಕಲಿಯಲು ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯ ಬಿ.ಎಸ್ಸಿ. ಇದೆ. ಕರಾವಳಿಯ ವೈದ್ಯಕೀಯ ವಿದ್ಯಾಸಂಸ್ಥೆಗಳಲ್ಲೂ ಸಿಗುತ್ತದೆ. ತಲೆಯನ್ನು ಸರಿಯಾಗಿ ಇಡುವುದು, ಹೋಳಿನ ದಪ್ಪ ಆರಿಸುವುದು, ಮಗುವಿಗೆ ಡೋಸ್ ಕಡಿಮೆ ಮಾಡುವುದು ಎಲ್ಲ ಇವರ ಕೈಯಲ್ಲಿದೆ. ಯಂತ್ರಗಳೂ ಬದಲಾಗುತ್ತಿವೆ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ ಫೋಟಾನ್ ಕೌಂಟಿಂಗ್ ಸಿಟಿ ಒಂದೊಂದೇ ಎಕ್ಸ್-ರೇ ಕಣವನ್ನು ಎಣಿಸುತ್ತದೆ, ಹೋಳು 0.2 ಮಿ.ಮೀ.ವರೆಗೂ ತೆಳು ಆಗುತ್ತದೆ. ಮೂಗಿನ ಗುಂಡಿಯ ಪಕ್ಕದ ಆ ತೆಳು ಗೋಡೆಯಲ್ಲಿ ಈಗ ತೂತು ಅಂತ ಕಾಣುವ ಎಷ್ಟೋ ಕಡೆ ನಿಜಕ್ಕೂ ಎಲುಬು ಇದೆಯೋ ಇಲ್ಲವೋ ಅಂತ ಅಂಥ ಯಂತ್ರದಲ್ಲಿ ಈಗಿನದಕ್ಕಿಂತ ಸ್ಪಷ್ಟವಾಗಿ ತಿಳಿಯುತ್ತದೆ.